ರಾಜ್ಯಭಾರದಲ್ಲಿ ಕರಣಿಕರ ಶಿಕ್ಷಣ: ಮಂಗಳೂರು ಸೀಮೆಯ ದೃಷ್ಟಾಂತ

(ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಮಠದ ವೇದಿಕೆಯಲ್ಲಿ ಸರಕಾರದ ಕಚೇರಿಯ ವಿಚಾರವೇಕೆಂದು ಕೆಲವರಿಗೆ ತೋರಬಹುದು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದರೆಂಬುದನ್ನು ನೆನೆದರೆ ಈ ಶಂಕೆಯು ನಿಲ್ಲದು. ಶರಣಚರಿತ್ರೆಯನ್ನೋದುವವರು ಅನುಭವಮಂಟಪವನ್ನು ಸ್ಮರಿಸುವಷ್ಟು ಆ ಭಂಡಾರದ ಲೆಕ್ಕವನ್ನು ಸ್ಮರಿಸುವುದಿಲ್ಲ. ಆದರೆ ರಾಜ್ಯದ ಬೊಕ್ಕಸವನ್ನು ಕೈಯಲ್ಲಿಟ್ಟುಕೊಂಡು ಕೈಯನ್ನು ಶುದ್ಧವಾಗಿರಿಸಿಕೊಂಡುದೂ ಕಾಯಕವೇ ಆಗಿದ್ದಿತು. ಈಗಲಾದರೋ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಬಾಲಕರು ವರ್ಷವರ್ಷವೂ ಸರಕಾರದ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಿರುವರು. ಅವರಲ್ಲಿ ಕೆಲವರು ಗ್ರಾಮಲೆಕ್ಕಕ್ಕೂ, ಕೆಲವರು ತಹಶೀಲಿಗೂ, ಒಬ್ಬಿಬ್ಬರು ಜಿಲ್ಲೆಯ ಅಧಿಕಾರಕ್ಕೂ ಏರುವರು. ಪರೀಕ್ಷೆಯಲ್ಲಿ ತೇರ್ಗಡೆಯಾದ ದಿನವೇ ಅವರ ಶಿಕ್ಷಣವು ಮುಗಿಯಿತೆಂದು ತಂದೆತಾಯಿಗಳು ಭಾವಿಸುವುದುಂಟು. ಅದು ಆರಂಭವೆಂಬುದಕ್ಕೆ ಮಂಗಳೂರು ಸೀಮೆಯ ಚರಿತ್ರೆಗಿಂತ ಒಳ್ಳೆಯ ದೃಷ್ಟಾಂತವು ದೊರೆಯುವುದು ಕಷ್ಟ.

ಮಂಗಳೂರು ಸೀಮೆಯೆಂದರೆ ಈಗಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳೂ, ಕೇರಳಕ್ಕೆ ಸೇರಿಹೋದ ಕಾಸರಗೋಡೂ ಕೂಡಿದ ಕರಾವಳಿಯೆಂದು ಇಲ್ಲಿಯ ಮಟ್ಟಿಗೆ ತಿಳಿಯತಕ್ಕುದು. ವಿಜಯನಗರ, ಕೆಳದಿ, ಹೈದರ್ ಮತ್ತು ಟೀಪು, ಇಂಗ್ಲಿಷ್ ಕಂಪೆನಿ, ಮದರಾಸು ಸರಕಾರ, 1956ರಿಂದ ಮೈಸೂರು ರಾಜ್ಯ ಹೀಗೆ ಒಂದರ ಮೇಲೊಂದು ಪ್ರಭುತ್ವವು ಈ ನೆಲದ ಮೇಲೆ ಹಾದುಹೋಗಿದೆ. ಪ್ರಭುಗಳು ಬದಲಾದರು. ಗದ್ದೆಯ ಎಲ್ಲೆಯೂ, ಅದರ ತೀರುವೆಯೂ, ಅದನ್ನು ಬರೆದಿಟ್ಟ ಶಾನುಭಾಗನೂ ಬಹುಮಟ್ಟಿಗೆ ಹಾಗೆಯೇ ಉಳಿದರು. ಬಂದ ಪ್ರಭುತ್ವಗಳಲ್ಲಿ ಯಾವುದು ಆ ಲೆಕ್ಕವನ್ನು ಓದಬಲ್ಲ ಅಧಿಕಾರಿಗಳನ್ನು ಪಡೆದಿದ್ದಿತೋ ಅದು ನಿಂತಿತು. ಯಾವುದು ಪಡೆದಿರಲಿಲ್ಲವೋ ಅದು ತಾನೂ ಕಷ್ಟಪಟ್ಟು ಪ್ರಜೆಯನ್ನೂ ಕಷ್ಟಕ್ಕೀಡುಮಾಡಿತು.

ಕೆಳದಿಯ ಅರಸರು ವೀರಶೈವ ಮತಾವಲಂಬಿಗಳಾಗಿದ್ದುದರಿಂದ ಅವರ ಹೆಸರು ಈ ಸಭೆಗೆ ಹೊಸತಲ್ಲ. ಮಠಗಳಿಗೆ ಅವರು ಬಿಟ್ಟ ಉಂಬಳಿಗಳ ಕೀರ್ತಿಯನ್ನು ಎಲ್ಲರೂ ಕೊಂಡಾಡುವರು. ಅದಕ್ಕಿಂತ ಹೆಚ್ಚಿನ ಕಾರ್ಯವೊಂದನ್ನು 1645ರಿಂದ 1660ರ ತನಕ ಆಳಿದ ಶಿವಪ್ಪನಾಯಕನು ಮಾಡಿದನು. ಅದೇ ಶಿವಪ್ಪನಾಯಕನ ಶಿಸ್ತು. ಅದೆಂತೆಂದರೆ, ಪ್ರತಿಯೊಂದು ಗ್ರಾಮದಲ್ಲಿಯೂ ಒಂದೊಂದು ತರದ ನೆಲದಿಂದ ಒಂದೊಂದು ಗದ್ದೆಯನ್ನಾರಿಸಿ, ಅದನ್ನು ಅರಮನೆಯ ವೆಚ್ಚದಿಂದ 12 ವರ್ಷಗಳ ಕಾಲ ಎಡೆಬಿಡದೆ ಸಾಗುವಳಿಮಾಡಿಸಿ, ಬಿತ್ತಿದ ಬೀಜವೆಷ್ಟು, ಕೂಲಿಯೆಷ್ಟು, ಬೆಳೆದ ಧಾನ್ಯವೆಷ್ಟು, ಪೇಟೆಯ ಧಾರಣೆಯೆಷ್ಟೆಂದು ಬರೆಯಿಸಿ, ಸರಾಸರಿಯನ್ನು ಹಿಡಿದು ಉತ್ಪತ್ತಿಯ ಸುಮಾರು ಮೂರರಲ್ಲೊಂದು ಪಾಲನ್ನು ಅರಮನೆಗೆ ಗೊತ್ತುಮಾಡಿದನೆಂದು ಹಿಂದಿನವರು ಬರೆದಿಟ್ಟಿದ್ದಾರೆ. ಶಿಸ್ತು ಎಂಬ ಪದವು ಭೂಮಿಯ ತೀರುವೆಗೂ ನಡತೆಯ ಕ್ರಮಕ್ಕೂ ಒಂದೇ ಆಗಿ ಬಳಕೆಯಲ್ಲಿರುವುದು ಗಮನಿಸತಕ್ಕ ಸಂಗತಿ. ಹನ್ನೆರಡು ವರ್ಷಗಳ ಲೆಕ್ಕವನ್ನು ಊರೂರಿನಲ್ಲಿ ಬರೆಯುವುದು ಅರಸನೊಬ್ಬನ ಕೆಲಸವಲ್ಲ. ಮಳೆ ಕಡಿಮೆಯಾದ ವರ್ಷ ಕಡಿಮೆಯೆಂದೂ ಹೆಚ್ಚಾದ ವರ್ಷ ಹೆಚ್ಚೆಂದೂ ಇದ್ದುದನ್ನಿದ್ದಂತೆಯೇ ಬರೆಯುವ ನೂರಾರು ಮಂದಿ ಲೇಖಕರು ಇದ್ದರೆ ಮಾತ್ರ ಅದು ಸಾಧ್ಯ. ಅರಸನ ಹೆಸರು ಉಳಿಯಿತು. ಆ ಲೇಖಕರ ಹೆಸರುಗಳು ಉಳಿಯಲಿಲ್ಲ. ಇಷ್ಟು ಹೇಳಿದ ಬಳಿಕ ಸತ್ಯವನ್ನು ಮರೆಮಾಡಬಾರದು: ವಿಜಯನಗರದ ಕಾಲದಲ್ಲಿ ಕಟ್ಟಿದ್ದ ಹಳೆಯ ರೇಖೆಯ ಮೇಲೆ ಕರಾವಳಿಯ ರೈತರಿಂದ ಹೆಚ್ಚಿನ ಕರವನ್ನು ತೆಗೆದವರಲ್ಲಿ ಕೆಳದಿಯವರೂ ಸೇರಿದ್ದಾರೆ. ಸ್ವಮತದವರೆಂಬ ಕಾರಣದಿಂದ ಲೆಕ್ಕವನ್ನು ತಿದ್ದಲಾಗದು.

ಇನ್ನು 1799ನೆಯ ವರ್ಷಕ್ಕೆ ಬರೋಣ. ಆ ವರ್ಷದ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪುವು ಮಡಿದ ಮೇಲೆ ಕಾರವಾರದಿಂದ ಕಾಸರಗೋಡಿನ ತನಕದ ಕರಾವಳಿಯು ಕೆನರಾ ಎಂಬ ಹೆಸರಿನಿಂದ ಕಂಪೆನಿಯ ಪಾಲಾಯಿತು. ಅದಕ್ಕೆ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ. ಅವನು ಸೈನಿಕನಾಗಿ ಮದರಾಸಿಗೆ ಬಂದವನು. ಯಾವ ಪರೀಕ್ಷೆಯನ್ನೂ ಬರೆದು ಬಂದವನಲ್ಲ. ಆದರೆ ಅದಕ್ಕೆ ಮುಂಚೆ ಏಳು ವರ್ಷಗಳ ಕಾಲ ಬಾರಾಮಹಲ್ ಸೀಮೆಯಲ್ಲಿ ಅಲೆಗ್ಸಾಂಡರ್ ರೀಡ್ ಎಂಬವನ ಕೈಕೆಳಗೆ ಗ್ರಾಮಗ್ರಾಮವನ್ನು ತಿರುಗಿ ಕಂದಾಯದ ಕೆಲಸವನ್ನು ಕಲಿತಿದ್ದನು. ಗುರುಕುಲವಾಸವೆಂದರೆ ಅದಕ್ಕೂ ಸಲ್ಲುವ ಮಾತೇ ಆಗಿದೆ.

ಕರಾವಳಿಯ ಮಳೆಯೂ, ಹೊಳೆಗಳೂ, ಏರುತಗ್ಗುಗಳೂ ಮನ್ರೋನಿಗೆ ಸ್ವಲ್ಪವೂ ಹಿಡಿಸಲಿಲ್ಲವೆಂಬುದು ಅವನ ಕಾಗದಗಳಿಂದ ತಿಳಿಯುತ್ತದೆ. ಜನರೂ ಸುಲಭವಾಗಿ ಒಲಿಯಲಿಲ್ಲ. ರೈತರು ಗುಂಪುಗೂಡಿ ಕಚೇರಿಗೆ ಬರುವುದಿಲ್ಲವೆಂದು ನಿಂತರು. ಇಂತಹ ಸ್ಥಿತಿಯಲ್ಲಿ ಹೊಸ ಪ್ರಭುತ್ವದ ಅಧಿಕಾರಿಗೆ ಎರಡು ದಾರಿಗಳಿರುತ್ತವೆ. ಸಿಪಾಯಿಗಳನ್ನು ಕಳುಹಿಸುವುದೊಂದು, ಕುಳಿತು ಓದುವುದಿನ್ನೊಂದು. ಮನ್ರೋವು ಶಾನುಭಾಗರ ಹಳೆಯ ಕಡತಗಳನ್ನು ತರಿಸಿ ಓದಿಸಿದನು.

ಕಡತವೆಂಬುದನ್ನು ಈಗಿನ ಬಾಲಕರು ನೋಡಿರಲಾರರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವದು. ಅದರ ಮೇಲೆ ಬಳಪದಿಂದ ಬಿಳಿಯ ಅಕ್ಷರಗಳನ್ನು ಬರೆಯುತ್ತಿದ್ದರು. ಮಠಗಳ ಹಳೆಯ ಪೆಟ್ಟಿಗೆಗಳಲ್ಲಿ ತಾಳೆಗರಿಯ ಕಟ್ಟುಗಳ ಪಕ್ಕದಲ್ಲಿ ಅಂತಹವು ಇನ್ನೂ ಸಿಕ್ಕುವುದುಂಟು. ವರ್ಗದ ಹೆಸರು, ಒಕ್ಕಲಿನ ಹೆಸರು, ಬೀಜವರಿ, ತೀರುವೆ, ಬಾಕಿ ಇವೆಲ್ಲವೂ ಅದರೊಳಗೆ ಇರುತ್ತಿದ್ದವು. ಕಡತಗಳಿಂದ ಮನ್ರೋವು ಕಂಡುಕೊಂಡುದೇನೆಂದರೆ, ವಿಜಯನಗರದ ಹರಿಹರನ ಕಾಲದಿಂದಲೂ ಇಲ್ಲಿ ಭೂಮಿಯ ತೀರುವೆಗೊಂದು ಲೆಕ್ಕವಿದೆ. ಅದರಂತೆ ಅರಮನೆಯ ಪಾಲು ಉತ್ಪತ್ತಿಯ ಆರರಲ್ಲೊಂದು ಭಾಗ. ಅದರ ಮೇಲೆ ಕೆಳದಿಯವರೂ ಹೈದರನೂ ಟೀಪುವೂ ಏರಿಸಿದುದಿಷ್ಟಿಷ್ಟು. ಭೂಮಿಯು ಒಡೆಯನದೇ ಹೊರತು ಅರಸನದಲ್ಲ. ಅದನ್ನು ಮಾರುವ, ಅಡವಿಡುವ, ಮಕ್ಕಳಿಗೆ ಬಿಡುವ ಹಕ್ಕು ಬಹುಕಾಲದಿಂದ ನಡೆದುಬಂದಿದೆ. 1800ನೆಯ ವರ್ಷದ ತನ್ನ ವರದಿಗಳಲ್ಲಿ ಇದನ್ನೆಲ್ಲ ಬರೆದು, ಹಳೆಯ ರೇಖೆಯನ್ನು ಆಧಾರವಾಗಿಟ್ಟುಕೊಂಡೇ ತೀರುವೆಯನ್ನು ಗೊತ್ತುಮಾಡಿದನು. ಅವನು ಈ ಸೀಮೆಯಲ್ಲಿದ್ದುದು ಎರಡು ವರ್ಷಗಳಿಗೂ ಕಡಿಮೆ. ಮುಂದೆ ಬಳ್ಳಾರಿ, ಕಡಪೆಗಳ ಕಡೆಗೆ ಹೋಗಿ, 1820ರಲ್ಲಿ ಮದರಾಸಿನ ಗವರ್ನರನಾಗಿ, 1827ರಲ್ಲಿ ಪತ್ತಿಕೊಂಡದಲ್ಲಿ ವಾಂತಿಭೇದಿಯಿಂದ ತೀರಿಕೊಂಡನು. ಗವರ್ನರನಾಗಿದ್ದಾಗ 1824ರ ಕೊನೆಯಲ್ಲಿ ಬರೆದ ಪ್ರಸಿದ್ಧವಾದೊಂದು ಟಿಪ್ಪಣಿಯಲ್ಲಿ, ದೇಶೀಯರನ್ನು ಉನ್ನತಪದವಿಗಳಿಂದ ದೂರವಿಟ್ಟು, ಅಲ್ಪವೇತನವನ್ನು ಕೊಟ್ಟು, ಅನಂತರ ಅವರಲ್ಲಿ ಪ್ರಾಮಾಣಿಕತೆಯಿಲ್ಲವೆನ್ನುವುದು ನ್ಯಾಯವಲ್ಲವೆಂಬ ಭಾವವನ್ನು ಪ್ರತಿಪಾದಿಸಿದನು. ಅವನೂ ಪರರಾಜ್ಯದ ಸೇವಕನೇ. ಕರವನ್ನು ಕೊಂಡೊಯ್ಯಲು ಬಂದವನೇ. ಆದರೂ ಕೆಲಸವನ್ನು ಬಲ್ಲವನ ಮಾತನ್ನು ಕೇಳತಕ್ಕುದು.

ಅಧಿಕಾರಿಗಳಿಗೆ ನಾಡಿನ ನುಡಿಯನ್ನು ಕಲಿಸುವುದಕ್ಕಾಗಿ 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾಯಿತು. ಕನ್ನಡದ ಪಂಡಿತರು ಅಲ್ಲಿ ಉಪಾಧ್ಯಾಯರಾದರು. ಕೆಂಪುನಾರಾಯಣನು ಮುದ್ರಾಮಂಜೂಷವನ್ನು 1823ರಲ್ಲಿ ರಚಿಸಿದುದು ಈ ಕಾಲೇಜಿನ ಸಂಬಂಧದಲ್ಲಿಯೇ. ಕೃಷ್ಣಮಾಚಾರ್ಯನ ಹೊಸಗನ್ನಡ ನುಡಿಗನ್ನಡಿಯೆಂಬ ವ್ಯಾಕರಣವು 1838ರಲ್ಲಿ ಹೊರಬಂದುದೂ ಅಲ್ಲಿಯ ಪಾಠಕ್ಕೆ ಸಂಬಂಧಿಸಿಯೇ. ಪಾಠಶಾಲೆಯ ವಿದ್ಯಾರ್ಥಿಗಳು ಈ ಗ್ರಂಥಗಳನ್ನು ಸಾಹಿತ್ಯವೆಂದು ಓದುವರು. ಗದ್ಯವು ಹೊಸಗನ್ನಡದಲ್ಲಿ ಹೆಜ್ಜೆಯಿಡತೊಡಗಿದ ಕಾಲದಲ್ಲಿ ಅದರ ಎದುರಿಗೆ ಕುಳಿತಿದ್ದ ಶಿಷ್ಯರಲ್ಲಿ ಮುಂದೆ ಕಲೆಕ್ಟರುಗಳಾಗತಕ್ಕ ತರುಣರೂ ಇದ್ದರೆಂಬುದನ್ನು ಮಾತ್ರ ಮರೆಯುವರು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಮುದ್ರಣಾಲಯವು 1841ರಲ್ಲಿ ತೊಡಗಿದ ಮೇಲೆ ಈ ಕೆಲಸಕ್ಕೆ ಮತ್ತಷ್ಟು ಬಲ ಬಂದಿತು. ಕಿಟ್ಟೆಲರ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾಯಿತು.

ಆದರೆ ನುಡಿಯನ್ನರಿತ ಮಾತ್ರಕ್ಕೆ ನಾಡನ್ನರಿತಂತಾಗದು. ಮಂಗಳೂರಿನಲ್ಲಿ ಕಚೇರಿಯ ನುಡಿ ಕನ್ನಡ, ಗದ್ದೆಯ ನುಡಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ ಮಾತು. ವ್ಯಾಕರಣವನ್ನು ಬಾಯಿಪಾಠ ಮಾಡಿದ ಅಧಿಕಾರಿಯು ಇಲ್ಲಿ ದುಭಾಷಿಯ ಕೈಗೆ ಸಿಕ್ಕಿಬೀಳುವುದೇನೂ ಆಶ್ಚರ್ಯವಲ್ಲ.

ಮನ್ರೋವು ಹೋದ ಮೇಲೆ ನಡೆದುದೇ ಇದಕ್ಕೆ ಸಾಕ್ಷಿ. ತೀರುವೆಯ ಹೊರೆಯನ್ನು ತಾಳಲಾರದೆ 1830-31ರಲ್ಲಿ ರೈತರು ಊರೂರಿನಲ್ಲಿ ಕೂಟಗಳನ್ನು ಕಟ್ಟಿ, ಕರವನ್ನು ಕೊಡುವುದಿಲ್ಲವೆಂದು ಸಾರಿದರು. ಅದಕ್ಕೂ ಮಿಗಿಲಾದುದು 1837ರ ದಂಗೆ. ಕೊಡಗಿನ ಅರಸನನ್ನು 1834ರಲ್ಲಿ ಪದಚ್ಯುತಗೊಳಿಸಿದ ಕಂಪೆನಿಯವರು ಅಮರಸುಳ್ಯ, ಪುತ್ತೂರುಗಳ ಕಡೆಯ ಪ್ರದೇಶವನ್ನು ಕೆನರಾಕ್ಕೆ ಸೇರಿಸಿದರು. ಅರಸನ ಕಾಲದಲ್ಲಿ ಕರವನ್ನು ಧಾನ್ಯರೂಪವಾಗಿ ಸಲ್ಲಿಸುತ್ತಿದ್ದ ಒಕ್ಕಲುಗಳು ಇನ್ನು ಮೇಲೆ ನಾಣ್ಯವನ್ನೇ ತರಬೇಕೆಂದು ಆಜ್ಞೆಯಾಯಿತು. ಕಚೇರಿಯಲ್ಲಿ ಕುಳಿತವನಿಗೆ ಇದೊಂದು ಸಣ್ಣ ಮಾರ್ಪಾಡು. ಬೆಟ್ಟದ ತಪ್ಪಲಿನ ಒಕ್ಕಲಿಗನಿಗಾದರೋ ಭತ್ತವನ್ನು ಕೊಯ್ಲಿನ ಕಾಲದ ಅಗ್ಗದ ಬೆಲೆಗೆ ಮಾರಿ, ಸಾಲದಾತನ ಮನೆಯ ಮೆಟ್ಟಲನ್ನು ಹತ್ತಿ, ಅಲ್ಲಿಂದ ಕಚೇರಿಗೆ ಹೋಗಬೇಕಾದ ದುರವಸ್ಥೆ. ಕಡತವನ್ನು ಬಿಚ್ಚಿ ನೋಡಿದ್ದರೆ, ಊರಿನ ನಾಲ್ಕು ಮಂದಿಯನ್ನು ಕರೆದು ಕೇಳಿದ್ದರೆ ಈ ಆಜ್ಞೆಯು ಹೊರಡುತ್ತಿರಲಿಲ್ಲ. 1837ರ ಏಪ್ರಿಲಿನಲ್ಲಿ ಕೆದಂಬಾಡಿ ರಾಮಯ್ಯಗೌಡ, ಕಲ್ಯಾಣಸ್ವಾಮಿ ಮೊದಲಾದವರ ಮುಂದಾಳುತನದಲ್ಲಿ ಹಳ್ಳಿಯ ಜನರು ಸುಳ್ಯದಿಂದ ಇಳಿದುಬಂದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡದ ಮೇಲೆ ತಮ್ಮ ಧ್ವಜವನ್ನೇರಿಸಿ, ಸುಮಾರು 13 ದಿವಸ ಪಟ್ಟಣವನ್ನು ವಶದಲ್ಲಿಟ್ಟುಕೊಂಡರು. ಕಂಪೆನಿಯ ಸೈನ್ಯವು ಬಂದ ಬಳಿಕ ಮುಖಂಡರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ರಾಮಯ್ಯಗೌಡನ ಕಂಚಿನ ಪ್ರತಿಮೆಯು 2022ರಲ್ಲಿ ಅದೇ ಬಾವುಟಗುಡ್ಡದ ಮೇಲೆ ಸ್ಥಾಪಿತವಾಗಿದೆ. ಮಂಗಳೂರಿಗೆ ಹೋದವರು ಅದನ್ನು ನೋಡಿ ಕೈಮುಗಿಯುವರು, ಮುಗಿಯತಕ್ಕುದೇ. ಅಧಿಕಾರದ ಪರೀಕ್ಷೆಗೆ ಓದುವ ವಿದ್ಯಾರ್ಥಿಯು ಮಾತ್ರ ಅದರ ಮುಂದೆ ನಿಂತು, ಧಾನ್ಯದ ಕರವನ್ನು ನಾಣ್ಯಕ್ಕೆ ತಿರುಗಿಸಿದ ಆ ಒಂದು ಆಜ್ಞೆಯನ್ನೂ ನೆನೆಯಬೇಕು.

ಅರ್ಹತೆಯನ್ನು ಪರೀಕ್ಷೆಯಿಂದ ಅಳೆಯುವ ಪದ್ಧತಿಯು ಇಂಡಿಯಾದ ಸಿವಿಲ್ ಸರ್ವಿಸಿಗೆ 1855ರಲ್ಲಿ ಲಂಡನಿನಲ್ಲಿ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ 1891ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯನ್ನು ತಂದರು. ಮಂಗಳೂರು ಸೇರಿದ್ದ ಮದರಾಸು ಪ್ರಾಂತದಲ್ಲಿ 1929ರಲ್ಲಿ ಸರ್ವಿಸ್ ಕಮಿಶನ್ನು ಸ್ಥಾಪಿತವಾಯಿತು. ಪ್ರಾಂತಗಳಲ್ಲಿ ಅದೇ ಮೊದಲನೆಯದು. ಪರೀಕ್ಷೆಯು ನೆಂಟಸ್ತಿಕೆಗಿಂತ ಉತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಓದುವುದಕ್ಕೆ ಮನೆಯಲ್ಲಿ ದೀಪವೂ ಪಟ್ಟಣದಲ್ಲಿ ಅನ್ನವೂ ಇದ್ದವರೇ ಅದರಲ್ಲಿ ಗೆದ್ದರು. ಹಳ್ಳಿಯ ಸಮುದಾಯಗಳು ಹಿಂದುಳಿದವು; ಲಿಂಗಾಯತರೂ ಆಗ ಹಿಂದುಳಿದವರ ಪಟ್ಟಿಯಲ್ಲಿಯೇ ಇದ್ದರು. ಮೈಸೂರಿನಲ್ಲಿ 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದುದು ಈ ಕಾರಣದಿಂದ. ವಿಶ್ವೇಶ್ವರಯ್ಯನವರು ಅದನ್ನೊಪ್ಪದೆ ದಿವಾನಗಿರಿಯನ್ನು ಬಿಟ್ಟರು. ಕಾರ್ಯದಕ್ಷತೆ ಕುಂದೀತೆಂದು ಅವರ ಭಯ. ಬಾಗಿಲೇ ತೆರೆಯದಿದ್ದರೆ ದಕ್ಷರು ಹುಟ್ಟುವುದೆಂತು ಎಂದು ಇತರರ ಪ್ರಶ್ನೆ. ಎರಡರಲ್ಲಿಯೂ ಹುರುಳುಂಟು. ಮಠಗಳು ಊಟವಸತಿಯ ನಿಲಯಗಳನ್ನು ತೆರೆದುದು ಈ ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರವೆಂದರಿಯಬೇಕು. ಮೊದಲನೆಯ ಭಯಕ್ಕೆ ಉತ್ತರವನ್ನು ಆ ನಿಲಯಗಳಲ್ಲಿ ಓದಿದವರು ಕೊಡಬೇಕಾಗಿದೆ.

ಮಂಗಳೂರು ಈ ದೇಶಕ್ಕೆ ಕೊಟ್ಟ ಅಧಿಕಾರಿಗಳಲ್ಲಿ ಅಗ್ರಗಣ್ಯರು ಬೆನಗಲ್ ನರಸಿಂಗರಾಯರು. 1887ರಲ್ಲಿ ಜನಿಸಿ, ಅಮ್ಮೆಂಬಳ ಸುಬ್ಬರಾಯ ಪೈಗಳು 1891ರಲ್ಲಿ ಸ್ಥಾಪಿಸಿದ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸಿಗೂ ಕೇಂಬ್ರಿಜ್ಜಿಗೂ ಹೋಗಿ, 1909ರಲ್ಲಿ ಸಿವಿಲ್ ಸರ್ವಿಸಿನ ಪರೀಕ್ಷೆಯಲ್ಲಿ ಉತ್ತೀರ್ಣರಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿಕೊಟ್ಟವರು ಇವರೇ. ಇವರ ತಮ್ಮಂದಿರಾದ ರಾಮರಾಯರೂ ಅದೇ ಸೇವೆಗೆ ಸೇರಿ 1949ರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರರಾದರು. ಇಷ್ಟು ಎಲ್ಲರೂ ಬಲ್ಲ ಸಂಗತಿ. ಹೆಚ್ಚು ಮಂದಿ ಅರಿಯದ ಸಂಗತಿಯೊಂದು ಅವರ ಜೀವನವೃತ್ತದಲ್ಲಿ ದೊರೆಯುತ್ತದೆ. ಸೇವೆಗೆ ಸೇರಿದಾಗ ಅವರನ್ನು ಮೊದಲು ಮದರಾಸು ಪ್ರಾಂತಕ್ಕೆ ಗೊತ್ತುಮಾಡಿದ್ದರಂತೆ. ಅಲ್ಲಿ ತಮಗೆ ನೆಂಟರೂ ಸ್ನೇಹಿತರೂ ಬಹಳ ಮಂದಿ ಇದ್ದಾರೆ, ಅವರಲ್ಲಿ ಭೂಮಿಕಾಣಿಯುಳ್ಳವರೂ ಇದ್ದಾರೆ, ಆದುದರಿಂದ ಬೇರೆ ಪ್ರಾಂತಕ್ಕೆ ಕಳುಹಿಸಬೇಕೆಂದು ಅವರೇ ಬರೆದುಕೊಂಡು ಬಂಗಾಳಕ್ಕೆ ಹೋದರೆಂದು ಹೇಳಿದೆ.

ಇಲ್ಲೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಆಡುವುದು ಒಳಿತು. ಪರೀಕ್ಷೆಯನ್ನು ಗೆದ್ದ ಮಗನನ್ನು ಕರೆತಂದು, ಸ್ವಂತ ತಾಲೂಕಿನಲ್ಲಿಯೇ ಕೆಲಸ ದೊರೆಯುವಂತೆ ಮಂತ್ರಿಗಳಿಗೆ ಶ್ರೀಮಠದಿಂದ ಒಂದು ಶಿಫಾರಸು ಪತ್ರವನ್ನು ಕೊಡಿಸಬೇಕೆಂದು ಕೇಳುವ ಭಕ್ತರುಂಟು. ಕೇಳುವವರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ; ಮುದಿತಂದೆಯು ಮಗನು ಹತ್ತಿರವಿರಲೆಂದು ಬಯಸುವುದು ಸಹಜ. ಆದರೆ ಆ ಪತ್ರವನ್ನು ಹಿಡಿದುಹೋದ ಹುಡುಗನ ಬಳಿಗೆ ನಾಳೆ ಇನ್ನೊಬ್ಬನು ಅಂತಹುದೇ ಪತ್ರವನ್ನು ಹಿಡಿದು ಬಂದು, ನೆರೆಯವನ ಗದ್ದೆಯ ಎಲ್ಲೆಯನ್ನು ಒಂದು ಗೇಣು ಸರಿಸಿಕೊಡೆಂದು ಕೇಳಿದರೆ, ಅವನು ಯಾವ ಮುಖದಿಂದ ಇಲ್ಲವೆಂದಾನು? ಅವನ ಕಾಯಕವು ಕೆಟ್ಟುದು ಆ ದಿನವಲ್ಲ, ಮೊದಲ ಪತ್ರವನ್ನು ಬರೆಯಿಸಿದ ದಿನ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಮದರಾಸು, ಮುಂಬಯಿ, ಹೈದರಾಬಾದು, ಕೊಡಗು, ಮೈಸೂರು ಹೀಗೆ ಐದು ಆಡಳಿತಗಳಲ್ಲಿ ಪಳಗಿದ ನೌಕರರು ಒಂದೇ ಸೂರಿನ ಕೆಳಗೆ ಕುಳಿತರು. ಒಬ್ಬೊಬ್ಬರ ನಿಯಮಾವಳಿಯೂ ಲೆಕ್ಕದ ನಮೂನೆಯೂ ಬೇರೆಬೇರೆ. ಯಾರು ಹಿರಿಯರು, ಯಾರು ಕಿರಿಯರೆಂಬ ವ್ಯಾಜ್ಯಗಳು ಬಹುಕಾಲ ನಡೆದವು. ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯ ಕನ್ನಡಿಗರಿಗೆ ಮಲೆಯಾಳದ ಕಚೇರಿಯಲ್ಲಿ ಕನ್ನಡದ ಅರ್ಜಿಯನ್ನು ಓದಬಲ್ಲವನೊಬ್ಬನಿರುವುದೇ ದೊಡ್ಡ ಅನುಕೂಲವೆಂಬಂತಾಯಿತು. ಅಧಿಕಾರಿಯ ಭಾಷಾಜ್ಞಾನವು ಅಲಂಕಾರವೋ ಅವಶ್ಯಕವೋ ಎಂಬುದನ್ನು ಅವರನ್ನು ಕೇಳಬೇಕು.

ಸ್ವರಾಜ್ಯದಲ್ಲಿ ಈ ಜಿಲ್ಲೆಯ ಅಧಿಕಾರಿವರ್ಗಕ್ಕೊದಗಿದ ದೊಡ್ಡ ಪರೀಕ್ಷೆಯೆಂದರೆ ದೇವರಾಜ ಅರಸರ ಕಾಲದ ಭೂಸುಧಾರಣೆ. 1974ರ ಮಾರ್ಚಿನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಗೇಣಿಯ ಜಮೀನುಗಳೆಲ್ಲ ಸರಕಾರಕ್ಕೆ ಸೇರಿ, ಉಳುತ್ತಿದ್ದ ಒಕ್ಕಲು ಏಳನೆಯ ನಮೂನೆಯಲ್ಲಿ ಅರ್ಜಿಯನ್ನು ಕೊಟ್ಟರೆ ಅವನಿಗೆ ಹಕ್ಕು ದೊರೆಯತಕ್ಕುದಾಗಿದ್ದಿತು. ತಾಲೂಕಿಗೊಂದು ನ್ಯಾಯಮಂಡಳಿ, ಅದಕ್ಕೆ ಅಸಿಸ್ಟೆಂಟ್ ಕಮಿಶನರರು ಅಧ್ಯಕ್ಷರು. ದಕ್ಷಿಣ ಕನ್ನಡವು ಗೇಣಿಯ ನಾಡು. ಮೂಲಗೇಣಿಗೆ ಕಾಗದಪತ್ರವಿರುತ್ತಿದ್ದಿತು, ಚಾಲಗೇಣಿಯ ಒಕ್ಕಲಿಗೆ ಹಲವೆಡೆ ಬಾಯಿಮಾತಲ್ಲದೆ ಬೇರೇನೂ ಇರಲಿಲ್ಲ. ಹರಿದ ಗೇಣಿಚೀಟಿಯೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ವಿಧವೆಗೆ, ಅದೂ ಇಲ್ಲದೆ ನೆರೆಯವನ ಸಾಕ್ಷ್ಯವನ್ನೇ ನಂಬಿ ಬಂದ ಮುದುಕನಿಗೆ ಭೂಮಿಯು ದೊರೆಯುವುದೂ ದೊರೆಯದಿರುವುದೂ ಎದುರಿಗೆ ಕುಳಿತ ಅಧಿಕಾರಿಯು ತುಳುವನ್ನು ಬಲ್ಲನೋ, ಪಹಣಿಯ ಕಲಮುಗಳನ್ನು ಓದಬಲ್ಲನೋ, ಒಡೆಯನ ಮನೆಯ ಊಟಕ್ಕೆ ಹೋಗದೆ ಇರಬಲ್ಲನೋ ಎಂಬುದರ ಮೇಲೆ ನಿಂತಿದ್ದಿತು. ಅರ್ಜಿ ಸಲ್ಲಿಸುವ ಅವಧಿಯು 1979ರ ಜೂನಿನ ತನಕ ಮುಂದುವರಿಯಿತು. ಕಾನೂನನ್ನು ಮಾಡಿದವರು ಬೆಂಗಳೂರಿನಲ್ಲಿದ್ದರು. ಅದು ಫಲಿಸಿದುದು ತಾಲೂಕು ಕಚೇರಿಯ ಮೇಜಿನ ಮೇಲೆ.

ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ಮೈಸೂರು ರಾಜ್ಯವು 1961ರ ಕಾನೂನಿನಿಂದ ತೆಗೆದುಹಾಕಿದ್ದಿತು. ತಂದೆಯ ಪಕ್ಕದಲ್ಲಿ ಕುಳಿತು ಬಾಲ್ಯದಿಂದಲೇ ಲೆಕ್ಕವನ್ನು ಕಲಿಯುತ್ತಿದ್ದ ಶಾನುಭಾಗರ ವಿದ್ಯೆಯೂ, ಅದನ್ನು ಗುಟ್ಟಾಗಿಟ್ಟುಕೊಂಡು ಊರನ್ನು ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದ ಅವರ ಅಧಿಕಾರವೂ ಒಟ್ಟಿಗೇ ಹೋದವು. ಎರಡನೆಯದು ಹೋದುದು ಲೇಸಾಯಿತು. ಮೊದಲನೆಯದಕ್ಕೆ ಪ್ರತಿಯಾಗಿ ಬಂದ ತರಬೇತಿಯು ಎಲ್ಲೆಡೆಯೂ ಸಾಲದು. 2000ದ ಸುಮಾರಿಗೆ ಭೂಮಿ ಎಂಬ ಯೋಜನೆಯಿಂದ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೇರಿಸಿದರು. ತಾಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿಯನ್ನು ಕೊಟ್ಟರೆ ಯಾರ ದಾಕ್ಷಿಣ್ಯವೂ ಇಲ್ಲದೆ ಪ್ರತಿಯು ಕೈಗೆ ಬರತೊಡಗಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಯಂತ್ರವು ತನ್ನಲ್ಲಿ ಬರೆದುದನ್ನೇ ತೋರಿಸುವುದು. ಬರೆದುದರಲ್ಲಿ ತಂದೆಯ ಹೆಸರು ತಪ್ಪಿದ್ದರೆ, ಅಣ್ಣತಮ್ಮಂದಿರ ಪಾಲು ಸೇರದೆಹೋಗಿದ್ದರೆ, ಗದ್ದೆಯ ಬಳಿಗೆ ಹೋಗಿ ನೋಡಿ ತಿದ್ದತಕ್ಕವನು ಈಗ ಗ್ರಾಮ ಆಡಳಿತಾಧಿಕಾರಿಯೆಂದು ಕರೆಯಿಸಿಕೊಳ್ಳುವ ಆ ತರುಣನೇ. ಕೇಂದ್ರದ ಸಿವಿಲ್ ಸೇವಾ ಪರೀಕ್ಷೆಯನ್ನು 1979ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಬರೆದು ಗೆದ್ದವರಿದ್ದಾರೆ. ಗೆದ್ದ ಮೇಲೆ ಮಸ್ಸೂರಿಯಲ್ಲಿಯೂ ಮೈಸೂರಿನಲ್ಲಿಯೂ ತರಬೇತಿಯನ್ನು ಕೊಡುವರು. ಕೆಳಗಿನ ಮೆಟ್ಟಲಿನವನಿಗಾದರೋ ಕೆಲವು ವಾರಗಳ ಪಾಠ, ಆಮೇಲೆ ಒಂದು ಬೀಗದ ಕೈ, ಒಂದು ಮೋಟಾರುಬೈಕು, ಮೂರು ನಾಲ್ಕು ಗ್ರಾಮಗಳು.

ಆದುದರಿಂದ ಈ ಮಹೋತ್ಸವದ ವರ್ಷದಿಂದ ಪಾಠಶಾಲೆಯಲ್ಲಿಯೂ ಪ್ರಸಾದನಿಲಯದಲ್ಲಿಯೂ ವಾರಕ್ಕೊಂದು ಸಾಯಂಕಾಲ ಲೆಕ್ಕಪಾಠವನ್ನು ನಡೆಸಬೇಕೆಂಬ ಸೂಚನೆಯನ್ನು ಶ್ರೀಗಳವರ ಸನ್ನಿಧಿಯಲ್ಲಿ ಭಿನ್ನವಿಸಲಾಗಿದೆ. ಅದಕ್ಕೆ ಹೆಚ್ಚಿನ ದ್ರವ್ಯವೇನೂ ಬೇಡ. ನಿವೃತ್ತರಾದ ಶಿರಸ್ತೇದಾರರು, ಕಂದಾಯ ನಿರೀಕ್ಷಕರು ಭಕ್ತವರ್ಗದಲ್ಲಿ ಬಹಳ ಮಂದಿ ಇದ್ದಾರೆ. ಅವರು ದೇಹಸೇವೆಯೆಂದು ತಿಳಿದು ಬರಲೊಪ್ಪಿದರೆ ಸಾಕು. ಅರ್ಜಿಯನ್ನು ಬರೆಯುವುದು, ಟಿಪ್ಪಣಿಯನ್ನು ಚಿಕ್ಕದಾಗಿ ಬರೆಯುವುದು, ನಕ್ಷೆಯನ್ನು ಹಿಡಿದು ಹೊಲದ ಎಲ್ಲೆಯನ್ನು ಗುರುತಿಸುವುದು, ಸಾಧ್ಯವಾದಲ್ಲಿ ಮೋಡಿಯನ್ನೂ ಹಳೆಯ ಕಡತವನ್ನೂ ಓದುವುದು ಇವು ಪಾಠದ ವಿಷಯಗಳು. ಮೊದಲನೆಯ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಪಹಣಿಯನ್ನೇ ತಂದು, ಜಮೀನಿಲ್ಲದವನು ನೆರೆಯವರದನ್ನು ಕೇಳಿ ತಂದು, ಒಂದನೆಯ ಕಲಮಿನಿಂದ ಕೊನೆಯ ಕಲಮಿನ ತನಕ ಎಲ್ಲರ ಮುಂದೆ ಗಟ್ಟಿಯಾಗಿ ಓದತಕ್ಕುದು.